ಹಾಫ್ಕಿನ್ ಮತ್ತು ನಮ್ಮ 3ನೇ ಕ್ಯಾನ್

ಹೊಸಹಳ್ಳಿ ಮೆಟ್ರೋ ಇಳಿದು 5 ನಿಮಿಷ ನಡೆದರೆ ನಮ್ಮ ರೂಮು. ನಾಲ್ವರು ಸೇರಿ ಬಾಡಿಗೆಗೆ ಹಿಡಿದಿರೋ ಮನೆ, ಮೇಲೆ ಟೆರೇಸು. ಹೋದ ಸೆಮಿಸ್ಟರ್‌ನಲ್ಲಿ ಆ ಟೆರೇಸಿನ ಮೇಲೆ, 20 ಲೀಟರಿನ 5 ನೀರಿನ ಕ್ಯಾನುಗಳಲ್ಲಿ ಕ್ಲೋರೆಲ್ಲಾ ಬೆಳೆಸೋಕೆ ಹೊರಟಿದ್ದೆವು. ಕ್ಲೋರೆಲ್ಲಾ ಅಂದ್ರೆ ಒಂದೇ ಜೀವಕೋಶದ ದುಂಡನೆಯ ಹಸಿರು ಪಾಚಿ. ಒಂದೊಂದಾಗಿ ಬರಿಗಣ್ಣಿಗೆ ಕಾಣೋದಿಲ್ಲ, ಕೋಟಿಗಟ್ಟಲೆ ಸೇರಿದಾಗ ನೀರೇ ಹಸಿರಾಗುತ್ತೆ. ಪಾತ್ರೆ ತೊಳೆದ ನೀರಿನಲ್ಲಿರೋ ನೈಟ್ರೇಟು, ಫಾಸ್ಫೇಟನ್ನು ಅದು ಎಷ್ಟು ಹೀರಿಕೊಳ್ಳುತ್ತೆ ಅಂತ ಅಳೆಯೋದು ನಮ್ಮ ಮಿನಿ ಪ್ರಾಜೆಕ್ಟು. ಮೀನಿನ ತೊಟ್ಟಿಗೆ ಹಾಕೋ ಏರ್ ಪಂಪು, ಒಂದಿಷ್ಟು ಟ್ಯೂಬು, ಬೀಜಕ್ಕೆ ಬಯೋಟೆಕ್ ವಿಭಾಗದವರು ಕೊಟ್ಟ ಅರ್ಧ ಲೀಟರ್ ಹಸಿರು ನೀರು. ಒಂದು ವಾರಕ್ಕೆ ಐದೂ ಕ್ಯಾನು ಪಾಲಕ್ ರುಬ್ಬಿಟ್ಟ ಹಾಗೆ ಆಗಿದ್ದವು. ಫೋಟೋ ತೆಗೆದು ಸ್ಟೇಟಸ್ಸಿಗೂ ಹಾಕಿದ್ದಾಯ್ತು.

9ನೇ ದಿನ 3ನೇ ಕ್ಯಾನಿನ ಬಣ್ಣ ಮಾಸಿತು. ಮಾರನೇ ದಿನ ಹಳದಿ. ಅದರ ಮಾರನೇ ದಿನ ಡಿಕಾಕ್ಷನ್ ಲೋಟ ತೊಳೆದ ನೀರು. ವಾರದೊಳಗೆ ಉಳಿದ ನಾಲ್ಕೂ ಅದೇ ದಾರಿ ಹಿಡಿದವು. ಒಂದು ಹನಿ ತಗೊಂಡು ಹೋಗಿ ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಕಂಡದ್ದು ಖಾಲಿ ಚೀಲಗಳು, ಇನ್ನೂ ಹಸಿರಾಗಿದ್ದ ಕೆಲವು ಕೋಶಗಳ ಮೈಗೆ ಅಂಟಿಕೊಂಡ ಸಣ್ಣ ಸಣ್ಣ ಚುಕ್ಕೆಗಳು. ಪಾಚಿಗೂ ರೋಗ ಬರುತ್ತೆ, ಅದನ್ನೂ ತಿಂದು ಬದುಕೋ ಪರಾವಲಂಬಿಗಳಿವೆ ಅಂತ ಲ್ಯಾಬಿನಲ್ಲಿ ಹೇಳಿದಾಗಲೇ ನಮಗೆ ಗೊತ್ತಾಗಿದ್ದು. ಆಮೇಲೆ ನಾವು ಮಾಡಿದ ಮೊದಲ ಕೆಲಸ, ಯಾರದ್ದು ತಪ್ಪು ಅಂತ ಹುಡುಕಿದ್ದು. 3ನೇ ಕ್ಯಾನ್ ನೋಡಿಕೊಳ್ಳುತ್ತಿದ್ದವನು ಒಬ್ಬ ಜೂನಿಯರ್. ಸಂಪಿನ ನೀರನ್ನು ಕುದಿಸದೆ ಹಾಗೇ ಸುರಿದಿದ್ದಾನೆ ಅಂತ ನಾವೇ ತೀರ್ಮಾನ ಮಾಡಿಬಿಟ್ವಿ. ಕುದಿಸಿಯೇ ಹಾಕಿದ್ದೆ ಅಂತ ಅವನು ಎಷ್ಟು ಸಲ ಹೇಳಿದರೂ ನಾವು ನಂಬಲಿಲ್ಲ. ಎರಡು ದಿನದ ಮೇಲೆ ಅವನು ವಾಟ್ಸ್ಆ್ಯಪ್ ಗ್ರೂಪಿನಿಂದ ಹೊರಗೆ ಹೋದ.

ರಿಪೋರ್ಟ್ ಬರೆಯೋಕೆ ಕೂತಾಗ ಕ್ಲೋರೆಲ್ಲಾವನ್ನು ಕೊಲ್ಲೋದು ಏನೇನು ಅಂತ ಹುಡುಕಿದ್ವಿ. 1972ರಲ್ಲಿ ಲೆನಿನ್‌ಗ್ರಾಡಿನ ಬೋರಿಸ್ ಗ್ರೊಮೊವ್ ಮತ್ತು ಮಾಮ್ಕಾಯೆವಾ ಅನ್ನೋರು ಕ್ಲೋರೆಲ್ಲಾಕ್ಕೇ ಮೀಸಲಾದ ಒಂದು ಬ್ಯಾಕ್ಟೀರಿಯಾವನ್ನು ವಿವರಿಸಿದ್ದಾರೆ. ಅದು ಕೋಶದ ಹೊರಗೇ ಅಂಟಿಕೊಂಡು ಒಳಗಿರೋದನ್ನೆಲ್ಲ ಹೀರಿ ಖಾಲಿ ಚೀಲ ಬಿಟ್ಟುಹೋಗುತ್ತೆ. ಈಗ ಅದರ ಹೆಸರು ವ್ಯಾಂಪಿರೋವಿಬ್ರಿಯೊ, ಅಂದರೆ ರಕ್ತಪಿಶಾಚಿಯ ಹೆಸರೇ. ಅದೇ ಗ್ರೊಮೊವ್ ಇನ್ನೇನು ಮಾಡಿದ್ದಾರೆ ಅಂತ ನೋಡಿದರೆ, 1981ರಲ್ಲಿ ಇನ್ನೊಬ್ಬರ ಜೊತೆ ಸೇರಿ, ಹೊಲೊಸ್ಪೊರಾ ಅನ್ನೋ ಹಳೇ ಹೆಸರಿಗೆ ಮತ್ತೆ ಮಾನ್ಯತೆ ಕೊಡಿಸಿದ್ದರು. ಅದೂ ನೀರಿನ ಏಕಕೋಶಜೀವಿಯೊಂದರ ರೋಗವೇ. ಆ ಹೆಸರನ್ನು 1890ರಲ್ಲಿ ಮೊದಲು ಇಟ್ಟವರು ಹಾಫ್ಕಿನ್.

ಯಾವ ಹಾಫ್ಕಿನ್? ಕೋವಿಡ್ ಕಾಲದಲ್ಲಿ ಲಸಿಕೆ ಸುದ್ದಿಯಲ್ಲಿ ಆಗಾಗ ಬರುತ್ತಿದ್ದ ಮುಂಬೈನ ಹಾಫ್ಕಿನ್ ಸಂಸ್ಥೆ ಇದೆಯಲ್ಲ, ಅದೇ ಹಾಫ್ಕಿನ್. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಹುಬ್ಬಳ್ಳಿಯ ಜನ ತೋಳು ಒಡ್ಡಿದ ಪ್ಲೇಗ್ ಚುಚ್ಚುಮದ್ದಿನ ಹಾಫ್ಕಿನ್. ನಾವು ಪ್ರಾಜೆಕ್ಟ್ ರಿಪೋರ್ಟನ್ನು ಪಕ್ಕಕ್ಕಿಟ್ಟು ಅವರ ಕಥೆಯನ್ನೇ ಓದುತ್ತಾ ಕೂತ್ವಿ.

ವಾಲ್ಡೆಮಾರ್ ಹಾಫ್ಕಿನ್ ಹುಟ್ಟಿದ್ದು 1860ರ ಮಾರ್ಚ್ 15ರಂದು, ಕಪ್ಪು ಸಮುದ್ರದ ದಡದ ಒಡೆಸ್ಸಾದಲ್ಲಿ. ಈಗ ಅದು ಯುಕ್ರೇನಿನಲ್ಲಿದೆ, ಆಗ ರಷ್ಯಾದ ಚಕ್ರವರ್ತಿಯ ಕೈಯಲ್ಲಿತ್ತು. ಯಹೂದಿ ಮನೆತನ. ಒಡೆಸ್ಸಾದ ವಿಶ್ವವಿದ್ಯಾಲಯದಲ್ಲಿ ಅವರಿಗೆ ಪ್ರಾಣಿಶಾಸ್ತ್ರದ ಮೇಷ್ಟ್ರಾಗಿ ಸಿಕ್ಕವರು ಇಲ್ಯಾ ಮೆಚ್ನಿಕೋವ್. ನಮ್ಮ ರಕ್ತದ ಬಿಳಿ ಕಣಗಳು ರೋಗಾಣುಗಳನ್ನು ನುಂಗುತ್ತವೆ ಅಂತ ತೋರಿಸಿ ಮುಂದೆ 1908ರಲ್ಲಿ ನೊಬೆಲ್ ಪಡೆದವರು. ಆ ಸಿದ್ಧಾಂತಕ್ಕೆ ಮೆಚ್ನಿಕೋವ್‌ಗೆ ಸಿಕ್ಕ ಒಂದು ದೊಡ್ಡ ಆಧಾರವೂ ಕೆರೆ ನೀರಿನದ್ದೇ: ಡಾಫ್ನಿಯಾ ಅನ್ನೋ ನೀರುಚಿಗಟ, ಅದರ ಮೈಯೊಳಗೆ ನುಗ್ಗಿದ ಒಂದು ಶಿಲೀಂಧ್ರ, ಅದನ್ನು ಮುತ್ತಿಕೊಂಡು ನುಂಗುತ್ತಿದ್ದ ಡಾಫ್ನಿಯಾದ ಕೋಶಗಳು. ರೋಗ ಅಂದರೆ ಏನು ಅನ್ನೋದನ್ನು ಮನುಷ್ಯರಿಗಿಂತ ಮೊದಲು ಒಂದು ಹನಿ ನೀರಿನಲ್ಲಿ ನೋಡಬಹುದು ಅನ್ನೋ ಅಭ್ಯಾಸ ಹಾಫ್ಕಿನ್‌ಗೆ ಬಂದಿದ್ದು ಈ ಮೇಷ್ಟ್ರಿಂದಲೇ ಇರಬೇಕು ಅಂತ ನಮಗನ್ಸುತ್ತೆ.

ವಿದ್ಯಾರ್ಥಿ ಹಾಫ್ಕಿನ್ ಬರೀ ಪುಸ್ತಕದ ಹುಳು ಆಗಿರಲಿಲ್ಲ. ಚಕ್ರವರ್ತಿಯ ವಿರುದ್ಧದ ಕ್ರಾಂತಿಕಾರಿ ಗುಂಪಿನಲ್ಲಿ ಕೆಲಕಾಲ ಇದ್ದರು. 1881ರಲ್ಲಿ ಒಡೆಸ್ಸಾದಲ್ಲಿ ಯಹೂದಿಗಳ ಮೇಲೆ ದಂಗೆ ಎದ್ದಾಗ ತಮ್ಮವರ ರಕ್ಷಣೆಗೆ ನಿಂತು ಗಾಯಗೊಂಡು ಜೈಲು ಸೇರಿದರು. ಬಿಡಿಸಿಕೊಂಡು ಬರಲು ಮೆಚ್ನಿಕೋವ್ ಬರಬೇಕಾಯ್ತು. ಡಾಕ್ಟರೇಟ್ ಮುಗಿದ ಮೇಲೆ ಪ್ರೊಫೆಸರ್ ಹುದ್ದೆಯ ಆಸೆ ಇತ್ತು. ಆದರೆ ಯಹೂದಿಗೆ ಆ ಹುದ್ದೆ ಇಲ್ಲ, ಮತಾಂತರ ಆದರೆ ಉಂಟು ಅನ್ನೋದು ಅಲ್ಲಿನ ಪದ್ಧತಿ. ಹಾಫ್ಕಿನ್ ಒಪ್ಪಲಿಲ್ಲ. ಒಡೆಸ್ಸಾದ ಪ್ರಾಣಿಶಾಸ್ತ್ರ ಮ್ಯೂಸಿಯಮ್ಮಿನಲ್ಲೇ ಉಳಿದರು.

ಆ ಮ್ಯೂಸಿಯಮ್ಮಿನ ವರ್ಷಗಳು ನಮ್ಮ ಮಟ್ಟಿಗೆ ಮುಖ್ಯ. ಅಲ್ಲಿ ಅವರು ಹಿಡಿದುಕೊಂಡದ್ದು ಯುಗ್ಲೀನಾ. ನಮ್ಮ ಕೆರೆಕುಂಟೆಗಳಲ್ಲೂ ಇರೋ ಈ ಜೀವಿ ಅರ್ಧ ಗಿಡ, ಅರ್ಧ ಪ್ರಾಣಿ: ಬಾಲ ಬಡಿದು ಈಜುತ್ತೆ, ಬಿಸಿಲಿದ್ದರೆ ಹಸಿರಿನಿಂದ ತನ್ನ ಊಟ ತಾನೇ ಮಾಡಿಕೊಳ್ಳುತ್ತೆ. ಅದರ ಜೊತೆಗೆ ಅದರದೇ ನೆಂಟ, ಆದರೆ ಹಸಿರಿಲ್ಲದ ಅಸ್ಟಾಸಿಯಾ. ಇವೆರಡೂ ಯಾವ ನೀರಿನಲ್ಲಿ, ಏನನ್ನು ಬಳಸಿಕೊಂಡು ಬದುಕುತ್ತವೆ ಅಂತ 1880ರ ದಶಕದ ನಡುವೆ ಅವರು ಫ್ರೆಂಚಿನಲ್ಲಿ ಪ್ರಬಂಧ ಪ್ರಕಟಿಸಿದರು. ಆಮೇಲೆ ಪ್ಯಾರಾಮೀಸಿಯಂ. ಪಿಯುಸಿಯಲ್ಲಿ ನಾವೆಲ್ಲ ಚಿತ್ರ ಬರೆದ ಆ ಚಪ್ಪಲಿ ಆಕಾರದ ಪ್ರಾಣಿಯೇ.

1888ರಲ್ಲಿ ಅವರು ರಷ್ಯಾ ಬಿಟ್ಟು ಜಿನೀವಾಕ್ಕೆ, ಮಾರನೇ ವರ್ಷ ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಗೆ ಬಂದರು. ಮೆಚ್ನಿಕೋವ್ ಆಗಲೇ ಅಲ್ಲಿದ್ದರು. ಶಿಷ್ಯನಿಗೆ ಖಾಲಿ ಇದ್ದ ಕೆಲಸ ಲೈಬ್ರರಿಯಲ್ಲಿ ಮಾತ್ರ. ಡಾಕ್ಟರೇಟ್ ಆದವರು ಪುಸ್ತಕ ಜೋಡಿಸಿಕೊಂಡೇ ಬಿಡುವಿನಲ್ಲಿ ಪ್ಯಾರಾಮೀಸಿಯಂ ರೋಗಗಳನ್ನು ನೋಡಿದರು. ಕೆಲವು ಪ್ಯಾರಾಮೀಸಿಯಂಗಳ ನ್ಯೂಕ್ಲಿಯಸ್ಸು ಊದಿಕೊಂಡಿರುತ್ತೆ, ಒಳಗೆ ಕಡ್ಡಿಯಂಥವು ತುಂಬಿರುತ್ತವೆ. ಅವು ಪ್ಯಾರಾಮೀಸಿಯಂನ ಅಂಗಗಳಲ್ಲ, ಒಳಗೆ ಬಂದು ಸೇರಿದ ಬೇರೆ ಜೀವಿಗಳು ಅಂತ ಹಾಫ್ಕಿನ್ 1890ರಲ್ಲಿ ಬರೆದರು. ಅಲೆಅಲೆಯಾದ್ದು, ಮೊಂಡು ತುದಿಯದ್ದು, ಸಪೂರವಾದ್ದು ಅಂತ ಮೂರು ಬಗೆ ಗುರುತಿಸಿ ಹೊಲೊಸ್ಪೊರಾ ಅಂತ ಹೆಸರಿಟ್ಟರು. ಊಟದ ಜೊತೆ ಇದನ್ನು ನುಂಗಿದ ಪ್ಯಾರಾಮೀಸಿಯಂಗೆ ರೋಗ ಅಂಟುತ್ತೆ. ಒಂದು ತೊಟ್ಟಿಯಲ್ಲಿ ಶುರುವಾದದ್ದು ಪೂರ್ತಿ ತೊಟ್ಟಿಗೆ ಹರಡಬಹುದು. ನಮ್ಮ ಕ್ಯಾನುಗಳಲ್ಲಿ ಆದದ್ದೂ ಇಂಥದ್ದೇ, ಜೀವಿಗಳು ಬೇರೆ ಅಷ್ಟೆ.

ಇಲ್ಲಿಂದ ಅವರು ಕಾಲರಾಕ್ಕೆ ಹೋದರು. ಅದರ ವಿವರ ಉದ್ದ, ಚಿಕ್ಕದಾಗಿ ಹೇಳ್ತೀವಿ. ಗಿನಿಯಿಲಿಯಿಂದ ಗಿನಿಯಿಲಿಗೆ ದಾಟಿಸಿ ಕಾಲರಾ ಬ್ಯಾಕ್ಟೀರಿಯಾದ ಶಕ್ತಿಯನ್ನು ಒಂದೇ ಮಟ್ಟಕ್ಕೆ ನಿಲ್ಲಿಸಿದರು, ಬಿಸಿ ಮತ್ತು ಗಾಳಿಯಿಂದ ಅದನ್ನು ದುರ್ಬಲಗೊಳಿಸಿದರು, 1892ರ ಜುಲೈ 18ರಂದು ಮೊದಲ ಚುಚ್ಚುಮದ್ದನ್ನು ತಮಗೇ ಹಾಕಿಕೊಂಡರು. 1893ರಲ್ಲಿ ಕಲ್ಕತ್ತಕ್ಕೆ ಬಂದರು. ಎರಡೂವರೆ ವರ್ಷದಲ್ಲಿ 40,000ಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿ, ಮಲೇರಿಯಾ ಹಿಡಿಸಿಕೊಂಡು ಯುರೋಪಿಗೆ ಮರಳಿದರು, ಮತ್ತೆ ಬಂದರು. ಒಂದು ವಿಷಯ ಮಾತ್ರ ಗಮನಿಸಿ: ಅವರು ವೈದ್ಯರಲ್ಲ, ಪ್ರಾಣಿಶಾಸ್ತ್ರಜ್ಞ. ರಷ್ಯಾದವರು, ಯಹೂದಿ. ಬ್ರಿಟಿಷ್ ಭಾರತದ ವೈದ್ಯಾಧಿಕಾರಿಗಳಲ್ಲಿ ಬಹಳ ಮಂದಿಗೆ ಈ ಮನುಷ್ಯ ನಮ್ಮವನಲ್ಲ ಅನ್ನೋ ಭಾವನೆ ಕೊನೆಯವರೆಗೂ ಹೋಗಲಿಲ್ಲ.

1896ರಲ್ಲಿ ಬಾಂಬೆಯಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಅಕ್ಟೋಬರಿನಲ್ಲಿ ಹಾಫ್ಕಿನ್ ಅಲ್ಲಿಗೆ ಹೋದರು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅವರಿಗೆ ಸಿಕ್ಕಿದ್ದು ಒಂದು ಕೋಣೆ, ಒಂದು ಕಾರಿಡಾರು, ಒಬ್ಬ ಗುಮಾಸ್ತ, ಮೂವರು ಜವಾನರು. ಲ್ಯಾಬ್ ಸರಿಯಿಲ್ಲ ಅಂತ ದೂರು ಕೊಡೋ ಮುಂಚೆ ಇದನ್ನೊಮ್ಮೆ ನೆನೆಸಿಕೊಳ್ಳಬೇಕು ನಾವು.

ಆ ಕೋಣೆಯಲ್ಲಿ ಅವರು ಕಟ್ಟಿದ ಪ್ರೊಸೆಸ್ ಎಂಜಿನಿಯರುಗಳಿಗೆ ಇಷ್ಟವಾಗುವಂಥದ್ದು. ಬ್ಯಾಕ್ಟೀರಿಯಾ ಬೆಳೆಸೋಕೆ ಮಾಂಸದ ಸಾರು ಬೇಕು. ದನದ್ದು ಹಿಂದೂಗಳಿಗೆ ಆಗದು, ಹಂದಿಯದ್ದು ಮುಸ್ಲಿಮರಿಗೆ ಆಗದು, ಅದಕ್ಕೆ ಆಡಿನ ಮಾಂಸದಿಂದ ಸಾರು ಮಾಡಿಸಿದರು. ಸಾರಿನ ಮೇಲೆ ಕೆಲವು ಹನಿ ತುಪ್ಪ ಅಥವಾ ಕೊಬ್ಬರಿ ಎಣ್ಣೆ ತೇಲಿಬಿಟ್ಟರು. ಪ್ಲೇಗ್ ಬ್ಯಾಕ್ಟೀರಿಯಾ ಆ ಜಿಡ್ಡಿನ ಹನಿಯ ಕೆಳಗೆ ಅಂಟಿಕೊಂಡು, ಆಲದ ಮರದ ಬಿಳಲಿನ ಹಾಗೆ ನೀರಿನೊಳಕ್ಕೆ ಇಳಿಯುತ್ತೆ. ಫ್ಲಾಸ್ಕನ್ನು ಅಲುಗಿಸಿದರೆ ಬಿಳಲುಗಳು ಉದುರುತ್ತವೆ, ಕೆಲವು ದಿನದಲ್ಲಿ ಹೊಸ ಬಿಳಲು. ಹೀಗೆ ವಾರಗಟ್ಟಲೆ ಬೆಳೆ ಮೇಲೆ ಬೆಳೆ. ಇದರಿಂದ ಎರಡು ಲಾಭ. ಒಂದು, ಇಳುವರಿ. ಎರಡನೆಯದು ನಮಗೆ ಹೆಚ್ಚು ಇಷ್ಟವಾದದ್ದು: ಸಾರಿನಲ್ಲಿ ಬೇರೆ ಯಾವುದೋ ಸೂಕ್ಷ್ಮಜೀವಿ ಸೇರಿಕೊಂಡಿದ್ದರೆ ಬಿಳಲುಗಳು ಹಾಗೆ ಚೊಕ್ಕವಾಗಿ ಇಳಿಯೋದಿಲ್ಲ. ಫ್ಲಾಸ್ಕನ್ನು ಬೆಳಕಿಗೆ ಹಿಡಿದರೆ ಬೆಳೆ ಶುದ್ಧವೋ ಅಲ್ಲವೋ ಕಣ್ಣಿಗೇ ಗೊತ್ತಾಗುತ್ತೆ. ಅಂದ್ರೆ ಕ್ವಾಲಿಟಿ ಚೆಕ್ ಬೆಳೆಯ ಆಕಾರದಲ್ಲೇ ಇತ್ತು. ಆಮೇಲೆ ಬಿಸಿ ಮಾಡಿ ಬ್ಯಾಕ್ಟೀರಿಯಾವನ್ನು ಸಾಯಿಸೋದು, ಸ್ವಲ್ಪ ಕಾರ್ಬಾಲಿಕ್ ಆಮ್ಲ ಹಾಕೋದು, ಬಾಟಲಿಗೆ ತುಂಬೋದು.

1897ರ ಜನವರಿ 10ರಂದು ಹಾಫ್ಕಿನ್ 10 ಸಿಸಿ ಲಸಿಕೆಯನ್ನು ತಮ್ಮ ಮೈಗೇ ಹಾಕಿಸಿಕೊಂಡರು. ಮುಂದೆ ಜನರಿಗೆ ಕೊಟ್ಟ ಪ್ರಮಾಣಕ್ಕಿಂತ ಇದು ಬಹಳ ಜಾಸ್ತಿ. ಜ್ವರ ಬಂತು, ಹೋಯ್ತು. ಅದೇ ತಿಂಗಳ ಕೊನೆಗೆ ಬೈಕುಲ್ಲಾ ಜೈಲಿನಲ್ಲಿ ಪ್ಲೇಗ್ ಎದ್ದಾಗ, ಒಪ್ಪಿ ಮುಂದೆ ಬಂದ ಕೈದಿಗಳಿಗೆ ಚುಚ್ಚಿದರು. ಚುಚ್ಚಿಸಿಕೊಳ್ಳದವರನ್ನೂ ಲೆಕ್ಕ ಇಟ್ಟು ಹೋಲಿಸಿದರು. ಲಸಿಕೆ ಪೂರ್ತಿ ರಕ್ಷಣೆ ಕೊಡುತ್ತಿರಲಿಲ್ಲ, ಆದರೆ ರೋಗವೂ ಸಾವೂ ಗಣನೀಯವಾಗಿ ತಗ್ಗಿದವು.

ಪ್ಲೇಗ್ ರೈಲು ಹತ್ತಿ ನಮ್ಮ ಕಡೆಗೂ ಬಂತು. 1898ರಲ್ಲಿ ಹುಬ್ಬಳ್ಳಿ, ಧಾರವಾಡ, ಗದಗ ನಲುಗಿದವು. ಹುಬ್ಬಳ್ಳಿಯಲ್ಲಿ ಲ್ಯೂಮನ್ ಅನ್ನೋ ವೈದ್ಯಾಧಿಕಾರಿ 30,000ಕ್ಕೂ ಹೆಚ್ಚು ಜನರಿಗೆ ಹಾಫ್ಕಿನ್ ಲಸಿಕೆ ಹಾಕಿಸಿದರು. ಆ ಕಾಲಕ್ಕೆ ಅದು ಊರಿನ ಬಹುಪಾಲು. ಲಸಿಕೆ ಕೆಲಸ ಮಾಡುತ್ತೆ ಅನ್ನೋದಕ್ಕೆ ಸರ್ಕಾರದ ಮುಂದೆ ಇಟ್ಟ ದೊಡ್ಡ ಸಾಕ್ಷಿಗಳಲ್ಲಿ ಹುಬ್ಬಳ್ಳಿಯ ಅಂಕಿಅಂಶವೂ ಒಂದು. ಅದೇ ವರ್ಷ ಆಗಸ್ಟಿನಲ್ಲಿ ಬೆಂಗಳೂರಿಗೂ ಪ್ಲೇಗ್ ಕಾಲಿಟ್ಟಿತು. ಮೈಸೂರು ಸರ್ಕಾರ ವಿ. ಪಿ. ಮಾಧವರಾವ್ ಅವರನ್ನು ಪ್ಲೇಗ್ ಕಮಿಷನರ್ ಮಾಡಿತು. ಪೇಟೆಯ ಇಕ್ಕಟ್ಟು ಬಿಟ್ಟು ಜನ ಹೊರಗೆ ಹೋಗಲಿ ಅಂತ ಮಲ್ಲೇಶ್ವರ, ಬಸವನಗುಡಿ ಬೇಗ ಬೇಗ ಎದ್ದವು. ನಮ್ಮ ಹೊಸಹಳ್ಳಿ ಆಗ ಮಾಗಡಿ ರಸ್ತೆ ಕಡೆಯ, ಊರ ಹೊರಗಿನ ಬರೀ ಒಂದು ಹಳ್ಳಿ. ಬೆಂಗಳೂರಿನಲ್ಲಿ ಇವತ್ತಿಗೂ ಪ್ಲೇಗಮ್ಮನ ಗುಡಿಗಳಿವೆ. ಅಲ್ಲಿ ಕೈ ಮುಗಿಯುವವರಲ್ಲಿ ಹಾಫ್ಕಿನ್ ಹೆಸರು ಕೇಳಿದವರು ಎಷ್ಟು ಜನವೋ.

1899ರಲ್ಲಿ ಬಾಂಬೆಯ ಪರೇಲಿನ ಹಳೇ ಗವರ್ನರ್ ಬಂಗಲೆಯಲ್ಲಿ ಪ್ಲೇಗ್ ಪ್ರಯೋಗಾಲಯ ಶುರುವಾಯ್ತು, ಹಾಫ್ಕಿನ್ ಅದರ ಮುಖ್ಯಸ್ಥ. ಒಂದು ಕಾರಿಡಾರಿನಿಂದ ಅರಮನೆಗೆ. ಬೇಡಿಕೆ ಏರುತ್ತಾ ಹೋಯ್ತು. ಪಂಜಾಬ್ ಸರ್ಕಾರಕ್ಕೆ ಲಕ್ಷಾಂತರ ಡೋಸ್ ಬೇಕಾಯ್ತು. ಉತ್ಪಾದನೆ ಬೇಗ ಆಗಲಿ ಅಂತ ಹಾಫ್ಕಿನ್ ಪ್ರೊಸೆಸ್ಸಿನಲ್ಲಿ ಒಂದು ಬದಲಾವಣೆ ಮಾಡಿದರು: ಕಾರ್ಬಾಲಿಕ್ ಆಮ್ಲ ಕೈಬಿಟ್ಟು ಬಿಸಿಯೊಂದನ್ನೇ ನಂಬಿದರು. ಪಾಸ್ಚರ್ ಸಂಸ್ಥೆಯಲ್ಲಿ ಬಳಕೆಯಲ್ಲಿದ್ದ ವಿಧಾನವೇ ಅದು.

1902ರ ಅಕ್ಟೋಬರ್ 30. ಪಂಜಾಬಿನ ಮಲ್ಕೋವಾಲ್ ಅನ್ನೋ ಹಳ್ಳಿ, ಈಗ ಪಾಕಿಸ್ತಾನದಲ್ಲಿದೆ. ಅವತ್ತು 5 ಬಾಟಲಿ ತೆರೆದು 107 ಜನರಿಗೆ ಚುಚ್ಚಿದರು. ಒಂದು ವಾರದಲ್ಲಿ ಕೆಲವರಿಗೆ ದವಡೆ ಬಿಗಿಯಿತು. ಧನುರ್ವಾಯು. 19 ಜನ ಸತ್ತರು. ಹತ್ತೊಂಬತ್ತೂ ಮಂದಿಗೆ ಲಸಿಕೆ ಹೋಗಿದ್ದು ಒಂದೇ ಬಾಟಲಿಯಿಂದ, ಅದರ ನಂಬರು 53-ಎನ್. ಉಳಿದ 4 ಬಾಟಲಿಗಳ ಜನರಿಗೆ ಏನೂ ಆಗಲಿಲ್ಲ.

ಬಾಟಲಿಗೆ ಕೊಳೆ ಸೇರಿದ್ದು ಎಲ್ಲಿ? ಪರೇಲಿನಲ್ಲಿ ತುಂಬುವಾಗಲೋ, ಮಲ್ಕೋವಾಲಿನಲ್ಲಿ ತೆರೆಯುವಾಗಲೋ? ಇಡೀ ಪ್ರಶ್ನೆ ಇಷ್ಟೇ. ಬಾಂಬೆಯ ಮುಖ್ಯ ನ್ಯಾಯಮೂರ್ತಿಯ ನೇತೃತ್ವದ ಆಯೋಗ ಕೂತಿತು. ಪರೇಲಿನಲ್ಲೇ ಅಂತ ತೀರ್ಮಾನಿಸಿತು. ಕಾರ್ಬಾಲಿಕ್ ಬಿಟ್ಟ ಬದಲಾವಣೆಯೇ ದೊಡ್ಡ ತಪ್ಪಾಗಿ ಕಂಡಿತು. ಹಾಫ್ಕಿನ್ ಅವರನ್ನು ಹುದ್ದೆಯಿಂದ ಇಳಿಸಿದರು. ಅವರು ಲಂಡನ್ನಿಗೆ ಹೋದರು, ವರ್ಷಗಟ್ಟಲೆ ಅರ್ಜಿ ಬರೆದರು. ಹಾಫ್ಕಿನ್ ಮಟ್ಟಿಗೆ ಇದು ಮಾನದ ಪ್ರಶ್ನೆ ಮಾತ್ರ ಆಗಿರಲಿಲ್ಲ. ಲಸಿಕೆಯೇ ಕೊಲ್ಲುತ್ತೆ ಅಂತ ಸುದ್ದಿ ಹಬ್ಬಿತ್ತು, ಪಂಜಾಬಿನಲ್ಲಿ ಪ್ಲೇಗಿನಿಂದ ಜನ ಸಾಯುತ್ತಲೇ ಇದ್ದರು.

ಆದರೆ ದಾಖಲೆ ಉಳಿದಿತ್ತು. ಬಾಟಲಿ ತುಂಬಿ 41 ದಿನ ಆಗಿತ್ತು. ಧನುರ್ವಾಯುವಿನ ಬೀಜಾಣು ತುಂಬುವಾಗಲೇ ಸೇರಿದ್ದರೆ ಅಷ್ಟು ದಿನದಲ್ಲಿ ಬೆಳೆದು, ತೆರೆದ ತಕ್ಷಣ ಕೆಟ್ಟ ವಾಸನೆ ಬಡಿಯಬೇಕಿತ್ತು. ತೆರೆದ ವೈದ್ಯರಿಗೆ ಅಂಥ ವಾಸನೆಯೇನೂ ಬಂದಿರಲಿಲ್ಲ. ಇನ್ನೊಂದು ಸಂಗತಿಯೂ ಹೊರಬಿತ್ತು. ಅವತ್ತು ಬೆಳಿಗ್ಗೆ ಬಿರಡೆ ಕೀಳುವ ಚಿಮಟ ಸಹಾಯಕನ ಕೈಜಾರಿ ನೆಲಕ್ಕೆ ಬಿದ್ದಿತ್ತು. ಅದನ್ನು ಬೆಂಕಿಯಲ್ಲಿ ಸುಡದೆ, ಕಾರ್ಬಾಲಿಕ್ ನೀರಿನಲ್ಲಿ ಅದ್ದಿ ಮತ್ತೆ ಬಳಸಿದ್ದರು. ಹಳ್ಳಿಯ ನೆಲದ ಮಣ್ಣು, ಧನುರ್ವಾಯುವಿನ ತವರು. ಕಾರ್ಬಾಲಿಕ್‌ನ ಆ ಅದ್ದುವಿಕೆಗೆ ಬೀಜಾಣು ಸಾಯೋದಿಲ್ಲ. ಲಂಡನ್ನಿನ ಲಿಸ್ಟರ್ ಸಂಸ್ಥೆಯೂ ಬಾಟಲಿ ತೆರೆಯುವಾಗ ಆದದ್ದೇ ಹೆಚ್ಚು ಸಂಭವ ಅಂತ ಹೇಳಿತು. 1907ರ ಜುಲೈನಲ್ಲಿ ಮಲೇರಿಯಾದ ರೊನಾಲ್ಡ್ ರಾಸ್ ಸೇರಿ 10 ಜನ ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಸಹಿ ಹಾಕಿ ಬರೆದರು. ಅದೇ ವರ್ಷ ಹಾಫ್ಕಿನ್ ದೋಷಮುಕ್ತರಾದರು. ಐದು ವರ್ಷ ಹಿಡಿಯಿತು.

ನಮಗೆ ಇಲ್ಲಿ ಒಂದು ಸಂಕಟ ಇದೆ. ಹಾಫ್ಕಿನ್ ಮೇಲಿನ ಆರೋಪ ಬಿದ್ದುಹೋದಾಗ ಅದು ಹೋಗಿ ಕೂತಿದ್ದು ಒಬ್ಬ ಸಾಮಾನ್ಯ ಸಹಾಯಕನ ಮೇಲೆ. ಅವನ ಪರವಾಗಿ ಟೈಮ್ಸಿಗೆ ಬರೆಯೋರು ಯಾರೂ ಇರಲಿಲ್ಲ. ಬಿದ್ದ ಚಿಮಟವನ್ನು ಸುಡಬೇಕು ಅನ್ನೋ ನಿಯಮ ಅವನಿಗೆ ಯಾರಾದರೂ ಸರಿಯಾಗಿ ಹೇಳಿಕೊಟ್ಟಿದ್ದರಾ, ನೂರು ಜನ ಸಾಲಿನಲ್ಲಿ ನಿಂತಿರುವಾಗ ಅಲ್ಲಿ ಬೆಂಕಿ ಹತ್ತಿರ ಇತ್ತಾ? ಪ್ರೊಸೆಸ್ಸಿನ ಕೊನೆಯ ಹೆಜ್ಜೆ ಯಾವಾಗಲೂ ಅತಿ ಕಡಿಮೆ ಸಂಬಳದವರ ಕೈಯಲ್ಲೇ ಇರುತ್ತೆ.

ಹಾಫ್ಕಿನ್ ಭಾರತಕ್ಕೆ ಮರಳಿದರು, ಆದರೆ ಬಾಂಬೆಯ ಹುದ್ದೆ ಸಿಗಲಿಲ್ಲ. ಕಲ್ಕತ್ತದ ಒಂದು ಪ್ರಯೋಗಾಲಯದಲ್ಲಿ ಕೂರಿಸಿದರು. ಅಲ್ಲಿ ಅವರಿಗೆ ಮೊದಲಿನ ಕೆಲಸವೂ ಇಲ್ಲ, ಹುರುಪೂ ಇಲ್ಲ. 55ರ ವಯಸ್ಸಿಗೆ ನಿವೃತ್ತಿಯಾಗಿ ಫ್ರಾನ್ಸಿಗೆ, ಕೊನೆಗೆ ಸ್ವಿಟ್ಜರ್ಲೆಂಡಿನ ಲಾಸಾನ್ನಿಗೆ ಹೋದರು. ಮದುವೆ ಆಗಲಿಲ್ಲ. 1925ರಲ್ಲಿ ಪರೇಲಿನ ಪ್ರಯೋಗಾಲಯಕ್ಕೆ ಅವರ ಹೆಸರಿಟ್ಟರು. ಅಷ್ಟರಲ್ಲಿ ಅಲ್ಲಿಂದ 2 ಕೋಟಿ 60 ಲಕ್ಷ ಡೋಸ್ ಹೊರಹೋಗಿತ್ತು. 1930ರ ಅಕ್ಟೋಬರ್ 26ರಂದು ತೀರಿಕೊಂಡರು. ಅವರು ಹೆಸರಿಟ್ಟ ಹೊಲೊಸ್ಪೊರಾವನ್ನು ಆಗ ನೆನೆಸಿಕೊಳ್ಳುತ್ತಿದ್ದವರು ಕಡಿಮೆ.

ಈ ಸೆಮಿಸ್ಟರ್ ಮತ್ತೆ ಕ್ಯಾನ್ ಇಟ್ಟಿದ್ದೀವಿ. ಪಾಚಿಯ ಪರಾವಲಂಬಿಗಳನ್ನು ಪೂರ್ತಿ ದೂರ ಇಡೋದು ತೆರೆದ ತೊಟ್ಟಿಯಲ್ಲಿ ಆಗದ ಮಾತು. ಗಾಳಿ, ಮಳೆ, ಕಾಗೆ, ಎಲ್ಲವೂ ತಂದು ಹಾಕುತ್ತವೆ. ಬಾಲ ಇರೋ ಬೀಜಾಣು ಬಿಟ್ಟು ಹರಡೋ ಕೈಟ್ರಿಡ್ ಶಿಲೀಂಧ್ರ, ಕೋಶದೊಳಕ್ಕೇ ನುಗ್ಗಿ ತಿನ್ನೋ ಅಫೆಲಿಡ್, ಹೊರಗಿಂದ ಹೀರೋ ವ್ಯಾಂಪಿರೋವಿಬ್ರಿಯೊ, ಒಂದೊಂದಕ್ಕೂ ಒಂದೊಂದು ಉಪಾಯ ಬೇಕು. ವ್ಯಾಂಪಿರೋವಿಬ್ರಿಯೊಗೆ ಅಮೆರಿಕದಲ್ಲಿ ಒಂದು ದಾರಿ ಕಂಡುಕೊಂಡಿದ್ದಾರೆ: ನೀರಿನ ಪಿಎಚ್ಚನ್ನು ಸ್ವಲ್ಪ ಹೊತ್ತು ಮಾತ್ರ 3.5ರ ಆಸುಪಾಸಿಗೆ ಇಳಿಸಿ ಮತ್ತೆ ಏರಿಸೋದು. ಕ್ಲೋರೆಲ್ಲಾ ತಡೆದುಕೊಳ್ಳುತ್ತೆ, ಅದು ತಡೆಯೋದಿಲ್ಲ. ಸ್ಪಿರುಲಿನಾ ಬೆಳೆಯೋರಿಗೆ ಈ ತಲೆನೋವು ಕಡಿಮೆ, ಅದರ ನೀರು ಮೊದಲೇ ಸೋಡಾದ ಹಾಗೆ ಕ್ಷಾರ; ಅಲ್ಲಿ ಬದುಕೋ ಶತ್ರುಗಳೇ ಕಮ್ಮಿ. ನಾವು ಸದ್ಯಕ್ಕೆ ಮಾಡಿರೋದು ಇಷ್ಟು: ಕ್ಯಾನಿಗೊಂದು ಬೇರೆ ಟ್ಯೂಬು, ಬೀಜದ ನೀರು ರೂಮಿನೊಳಗೆ ಬೇರೆ ಫ್ಲಾಸ್ಕಿನಲ್ಲಿ, ದಿನಕ್ಕೊಂದು ಹನಿ ಮೈಕ್ರೋಸ್ಕೋಪಿಗೆ. ಬಣ್ಣ ಮಾಸೋವರೆಗೆ ಕಾದರೆ ಆಟ ಮುಗಿದಿರುತ್ತೆ. ಖಾಲಿ ಚೀಲಗಳು ಹೆಚ್ಚಿವೆ ಅನ್ನಿಸಿದ ದಿನವೇ ಇರೋ ಹಸಿರನ್ನು ಸೋಸಿ ತೆಗೆದು, ಕ್ಯಾನ್ ಬ್ಲೀಚಿಂಗ್ ಪೌಡರ್ ಹಾಕಿ ತೊಳೆದು, ಹೊಸದಾಗಿ ಶುರು ಮಾಡ್ತೀವಿ.

ಹೋದ ಸಲ 3ನೇ ಕ್ಯಾನಿಗೆ ರೋಗ ಬಂದಿದ್ದು ಎಲ್ಲಿಂದ ಅಂತ ಈಗ ಹೇಳೋಕೆ ಸಾಧ್ಯವಿಲ್ಲ. ಹಾಫ್ಕಿನ್ ಹತ್ತಿರ ಬಾಟಲಿಯ ನಂಬರ್ ಇತ್ತು, ತುಂಬಿದ ದಿನ ಇತ್ತು, ತೆರೆದವರ ಹೇಳಿಕೆ ಇತ್ತು. ನಮ್ಮ ಹತ್ತಿರ ಏನೂ ಇರಲಿಲ್ಲ. ಯಾರು ಯಾವತ್ತು ಯಾವ ಕ್ಯಾನಿಗೆ ಏನು ಹಾಕಿದ್ರು ಅಂತ ಒಂದು ಸಾಲೂ ಬರೆದಿಟ್ಟಿರಲಿಲ್ಲ. ಐದೂ ಕ್ಯಾನಿಗೆ ಒಂದೇ ಟ್ಯೂಬ್ ಅದ್ದುತ್ತಿದ್ದವರು ನಾವೇ, ಒಬ್ಬೊಬ್ಬರೂ. ಸಂಪಿನ ನೀರಿನ ಮೇಲೆ ಹಾಕಿದ ಆರೋಪಕ್ಕೆ ಆಧಾರ ಇರಲಿಲ್ಲ. ಈಗ ಟೆರೇಸಿನ ಬಾಗಿಲ ಹಿಂದೆ, ಮೊಳೆಗೆ ಒಂದು ನೋಟ್‌ಬುಕ್ ನೇತುಹಾಕಿದ್ದೀವಿ. ಹೋದ ಶನಿವಾರ ನಮ್ಮಲ್ಲಿಬ್ಬರು ಆ ಜೂನಿಯರ್ ಹಾಸ್ಟೆಲಿಗೆ ಹೋಗಿ ಬಂದರು. ಬರ್ತೀನಿ ಅಂದಿದ್ದಾನೆ, ಇಂಟರ್ನಲ್ಸ್ ಮುಗಿದ ಮೇಲೆ.